ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಪ್ಲಸ್: ಆವರಣ ಬಂದರೆ ಲೆಕ್ಕ ಮುಗಿದಿಲ್ಲ

ಮೈಸೂರಿನ ದೇವರಾಜ ಅರಸು ರಸ್ತೆಯಲ್ಲೋ ಮಂಡ್ಯದ ವಿ.ವಿ. ರಸ್ತೆಯಲ್ಲೋ ಈ ಕ್ಯಾಲ್ಕುಲೇಟರ್ ಕೇಳುವವರು ಹೆಚ್ಚಾಗಿ ಎಂಜಿನಿಯರಿಂಗ್ ಹುಡುಗರು. ಮ್ಯಾಟ್ರಿಕ್ಸ್, ಇಂಟಿಗ್ರಲ್ ಬರುತ್ತದಾ ಅಂತ ನೋಡಿ ಕೊಂಡುಹೋಗುತ್ತಾರೆ. ದೊಡ್ಡ ಸಂಖ್ಯೆಗಳ ಹುಚ್ಚು ಹತ್ತಿದವರಿಗೆ ಬೇಕಾದ ಗುಂಡಿ ಬೇರೆ: ಡಿಗ್ರಿ-ಮಿನಿಟ್-ಸೆಕೆಂಡ್ ಕೀ ಮೇಲೆ ಹಳದಿಯಲ್ಲಿ ಬರೆದಿರುವ ಫ್ಯಾಕ್ಟ್. ಅವಿಭಾಜ್ಯ ಅಪವರ್ತನ ಮಾಡಿಕೊಡುವುದು ಇದೇ.

ಸಂಖ್ಯೆ ಹೊಡೆದು ಮೊದಲು ಸಮಚಿಹ್ನೆ ಒತ್ತಿ, ಆಮೇಲೆ ಶಿಫ್ಟ್, ಫ್ಯಾಕ್ಟ್. ಮಂಡ್ಯದ ಪಿನ್‌ಕೋಡ್ 571401 ಕೊಟ್ಟರೆ 3³×21163 ಬರುತ್ತದೆ. ಮೈಸೂರಿನ 570001 ಹಾಗೇ ಉಳಿಯುತ್ತದೆ, ಏಕೆಂದರೆ ಅದು ಅವಿಭಾಜ್ಯ. (ಮಂಡ್ಯದವರು ಬೇಜಾರಾಗಬೇಡಿ.) ಋಣಸಂಖ್ಯೆ, ದಶಮಾಂಶ, ಭಿನ್ನರಾಶಿಗೆಲ್ಲ ಮ್ಯಾತ್ ಎರರ್.

ಮಿತಿ ಎರಡು. ಸಂಖ್ಯೆ ಹತ್ತು ಅಂಕಿಯೊಳಗಿರಬೇಕು. ಜೊತೆಗೆ ಯಂತ್ರ ಮೂರಂಕಿಯ ಅವಿಭಾಜ್ಯಗಳವರೆಗೆ, ಅಂದರೆ 997ರವರೆಗೆ ಮಾತ್ರ ಭಾಗಿಸಿ ನೋಡುತ್ತದೆ. ಅದರ ಮುಂದಿನ ಅವಿಭಾಜ್ಯ 1009. ಹಾಗಾಗಿ ಉಳಿದ ಭಾಗ 1009²=1018081 ಅಥವಾ ಅದಕ್ಕಿಂತ ದೊಡ್ಡದಾದರೆ ಅದನ್ನು ಆವರಣದೊಳಗೆ ಹಾಕಿ ಸುಮ್ಮನಾಗುತ್ತದೆ. ಎಡವುವುದು ಇಲ್ಲೇ. ಆವರಣ ಕಂಡರೆ ಕೆಲವರು ಅವಿಭಾಜ್ಯ ಅಂದುಕೊಳ್ಳುತ್ತಾರೆ, ಕೆಲವರು ಸಂಯುಕ್ತ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ, ತೀರ್ಮಾನ ನಿಮಗೆ ಬಿಟ್ಟದ್ದು ಅಂತ ಅಷ್ಟೇ.

2³²+1 ತೆಗೆದುಕೊಳ್ಳಿ: 4294967297. ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯ ಅಂತ ನಂಬಿದ್ದ, 1732ರಲ್ಲಿ ಆಯ್ಲರ್ ಒಡೆದು ತೋರಿಸಿದ. ತೆರೆಯ ಮೇಲೆ 641×(6700417) ಬರುತ್ತದೆ. ಆವರಣ ಬಿಡಿಸಲು 6700417ರ ವರ್ಗಮೂಲ, ಸುಮಾರು 2588ರವರೆಗಿನ ಅವಿಭಾಜ್ಯಗಳಿಂದ ಭಾಗಿಸಬೇಕು. ಎಲ್ಲವನ್ನೂ ಅಲ್ಲ: 2³²+1ರ ಯಾವುದೇ ಅವಿಭಾಜ್ಯ ಅಪವರ್ತನವನ್ನು 128ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. 997ರಿಂದ 2588ರ ನಡುವೆ ಆ ಜಾತಿಯ ಅವಿಭಾಜ್ಯಗಳು ಎರಡೇ, 1153 ಮತ್ತು 1409. ಶೇಷ ಕ್ರಮವಾಗಿ 334, 622. ಅಲ್ಲಿಗೆ 6700417 ಅವಿಭಾಜ್ಯ ಅಂತ ಸಾಬೀತು. ಶೇಷ ತೆಗೆಯುವಾಗ ಭಾಗಲಬ್ಧದ ಪೂರ್ಣಾಂಕವನ್ನು ಭಾಜಕದಿಂದ ಗುಣಿಸಿ ಮೂಲಸಂಖ್ಯೆಯಿಂದ ಕಳೆಯಿರಿ. ದಶಮಾಂಶದ ಬಾಲ ನೋಡಿ ಅಂದಾಜು ಕಟ್ಟಬೇಡಿ.

ಹತ್ತಂಕಿ ದಾಟಿದ ಉತ್ತರ ಘಾತರೂಪದಲ್ಲಿ ಬರುತ್ತದೆ, ಆದರೆ ಒಳಗೆ 15 ಅಂಕಿ ಇರುತ್ತವೆ. 2⁴⁰ ಒತ್ತಿದರೆ 1.099511628×10¹². ಅದರಿಂದ 1.0995×10¹² ಕಳೆದರೆ 11627776 ಹೊರಬೀಳುತ್ತದೆ. ಅದರ ಎಡಕ್ಕೆ 10995 ಬರೆದರೆ ಪೂರ್ತಿ ಸಂಖ್ಯೆ ಕೈಗೆ ಬಂತು.

ಶಾಲೆ, ಪಿಯುಸಿ ಮಟ್ಟದ ಅಪವರ್ತನಕ್ಕೆ ಧಾರಾಳ ಸಾಕು. ಕೊಳ್ಳುವಾಗ ಅಂಗಡಿಯಲ್ಲೇ 4294967297 ಹೊಡೆದು ಪರೀಕ್ಷಿಸಿ. ಇದಕ್ಕಿಂತ ದೊಡ್ಡದರ ಗೀಳಿದ್ದರೆ ದುಡ್ಡು ಉಳಿಸಿ: ಲಿನಕ್ಸ್ ಟರ್ಮಿನಲ್‌ನ ಫ್ಯಾಕ್ಟರ್ ಆದೇಶ ಬಿಟ್ಟಿ ಸಿಗುತ್ತದೆ, ಇಪ್ಪತ್ತು ಅಂಕಿಯ 2⁶⁴+1ನ್ನೂ 274177×67280421310721 ಅಂತ ಒಡೆದುಕೊಡುತ್ತದೆ.