ಆಕ್ಸಿಜನ್ ಚೇಂಬರ್: ಕಾಲಿನ ಗಾಯಕ್ಕೋ, ಮೈಕೈ ನೋವಿಗೋ?

ಬಳ್ಳಾರಿಯಿಂದ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಹೈಪರ್‌ಬೇರಿಕ್ ಆಕ್ಸಿಜನ್ ಚಿಕಿತ್ಸೆ (ಗಾಳಿಯ ಒತ್ತಡ ಹೆಚ್ಚಿಸಿದ ಚೇಂಬರ್‌ನಲ್ಲಿ ಮಲಗಿ ಆಕ್ಸಿಜನ್ ಉಸಿರಾಡೋದು) ತಗೊಳ್ಳೋಣ ಅಂತಿದ್ದರೆ, ಯಾವ ಕಾಯಿಲೆಗೆ ಅನ್ನೋದನ್ನ ಮೊದಲು ನೋಡಿ.

ಶುಗರ್‌ನಿಂದ ಆದ ಕಾಲಿನ ಗಾಯ ಮಾಯದೆ ಆಳಕ್ಕೆ ಇಳಿದಿದೆಯಾ? ಹಾಗಾದರೆ ಡಾಕ್ಟರನ್ನು ಕೇಳಿ. ಈ ಚಿಕಿತ್ಸೆಗೆ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ) ಒಪ್ಪಿರುವ ಕಾಯಿಲೆಗಳ ಪಟ್ಟಿಯಲ್ಲಿ ಇದು ಇದೆ. ಆದರೂ ಸತ್ತ ಮಾಂಸ ತೆಗೆಸದೆ, ಶುಗರ್ ಹಿಡಿತಕ್ಕೆ ತರದೆ, ಆ ಕಾಲಿನ ಮೇಲೆ ಭಾರ ಹಾಕಿ ಓಡಾಡುತ್ತಾ ಬರೀ ಚೇಂಬರ್‌ನಲ್ಲಿ ಮಲಗಿದರೆ ಸುಮ್ನೆ ದುಡ್ಡು ದಂಡ.

ಫೈಬ್ರೊಮಯಾಲ್ಜಿಯಾ (ಮೈಕೈಯೆಲ್ಲ ಬಹಳ ಕಾಲ ನೋಯುವ ಕಾಯಿಲೆ), ಕೋವಿಡ್ ನಂತರದ ಸುಸ್ತು? ಸಣ್ಣ ಅಧ್ಯಯನಗಳಲ್ಲಿ ಸ್ವಲ್ಪ ಭರವಸೆ ಕಂಡಿದೆ, ಅಷ್ಟೇ. ಸಾಲ ಮಾಡಿ ಹೋಗುವಷ್ಟಿಲ್ಲ. ಇದರಿಂದ ಆಟಿಸಂ ವಾಸಿಯಾಗುತ್ತೆ ಅಂತ ಯಾರಾದರೂ ಅಂದರೆ ಎದ್ದು ಬನ್ನಿ.

ಚೇಂಬರ್‌ನಲ್ಲೂ ಎರಡು ಥರ. ಗಟ್ಟಿ ಗೋಡೆಯದರಲ್ಲಿ ಮಾಮೂಲಿ ಗಾಳಿಯ 2ರಿಂದ 2.5 ಪಟ್ಟು ಒತ್ತಡ, ಶುದ್ಧ ಆಕ್ಸಿಜನ್, ಒಂದು ಸಲಕ್ಕೆ ಸುಮಾರು 90 ನಿಮಿಷ. ಜಿಪ್ ಎಳೆಯುವ ಮೆತ್ತನೆಯ ಚೀಲದಲ್ಲಿ ಸಾಮಾನ್ಯವಾಗಿ 1.3 ಪಟ್ಟು ಮಾತ್ರ. ಮೊದಲನೆಯದರ ಫಲಿತಾಂಶ ತೋರಿಸಿ ಎರಡನೆಯದನ್ನು ಮಾರುವವರೂ ಇದ್ದಾರೆ, ಹುಷಾರು.

ಗಟ್ಟಿ ಚೇಂಬರ್‌ನಲ್ಲಿ ಒತ್ತಡ ಏರುವಾಗ ಕಿವಿ ಕಟ್ಟುತ್ತದೆ, ಉಗುಳು ನುಂಗುತ್ತಾ ಇರಬೇಕು. ಶುಗರ್ ಇಳಿಯಬಹುದು, ಅದಕ್ಕೆ ಒಳಗೆ ಹೋಗೋ ಮುಂಚೆ ಚೆಕ್ ಮಾಡಿಸಿ. ಮೊಬೈಲ್ ಬೇಡ. ತಲೆಗೆ ಕೊಬ್ಬರಿ ಎಣ್ಣೆಯೂ ಬೇಡ, ಬೆಂಕಿಯ ಭಯ.

ಸಾಮಾನ್ಯವಾಗಿ 20ರಿಂದ 40 ಸಲ ಮಲಗಬೇಕಾಗುತ್ತದೆ, ವಾರಕ್ಕೆ ಐದು ದಿನದ ಲೆಕ್ಕದಲ್ಲಿ. ಹಾಗಾಗಿ ಚಿಕಿತ್ಸೆಯ ದರದ ಜೊತೆ ಬೆಂಗಳೂರಿನ ರೂಮ್ ಬಾಡಿಗೆ, ಊಟ, ಜೊತೆಗೆ ಬರುವವರ ಕೂಲಿ ಹೋಗೋದು, ಎಲ್ಲ ಸೇರಿಸಿಕೊಳ್ಳಿ.