ಗೌತಮಪುರದಲ್ಲಿ ಹೊಲಿಸಿದ ಬಹಿಯಾ ಜೆರ್ಸಿ: ಎರಡು ನಕ್ಷತ್ರಕ್ಕೆ ಪೂರ್ತಿ ಅಂಕ

ಬೆಂಗಳೂರಿನಲ್ಲಿ ಬಹಿಯಾ ಫುಟ್ಬಾಲ್ ಕ್ಲಬ್‌ನ ಜೆರ್ಸಿ ಹುಡುಕಿದರೆ ಸಿಗುವುದಿಲ್ಲ. ಮ್ಯಾಂಚೆಸ್ಟರ್, ಬಾರ್ಸಿಲೋನಾ ಎಷ್ಟು ಬೇಕಾದರೂ ಇವೆ. ಬ್ರೆಜಿಲ್ ದೇಶದ ಹಳದಿ ಜೆರ್ಸಿಯಂತೂ ವರ್ಲ್ಡ್ ಕಪ್ ಬಂತೆಂದರೆ ಫುಟ್‌ಪಾತ್ ಮೇಲೆ ರಾಶಿ ಬಿದ್ದಿರುತ್ತದೆ. ಆದರೆ ಅದೇ ಬ್ರೆಜಿಲ್‌ನ ಸಾಲ್ವಡೋರ್ ಊರಿನ ಒಂದು ಕ್ಲಬ್ಬಿನದ್ದು ಬೇಕು ಅಂದರೆ "ಫ್ಲಮೆಂಗೊ ಆಗುತ್ತಾ ಸಾರ್?" ಅಂತ ರಿಯೋದ ಕ್ಲಬ್ಬಿನ ಹೆಸರು ಹೇಳಿ ಕೇಳುತ್ತಾರೆ. ಆಗಲ್ಲ. ಹಾಗಾಗಿ ನಮ್ಮ ಭಾನುವಾರದ ಟರ್ಫ್ ಟೀಮಿಗೆ ಹಲಸೂರು ಕಡೆ, ಗೌತಮಪುರದ ಹತ್ತಿರ ಇರುವ ಒಂದು ಪುಟ್ಟ ಅಂಗಡಿಯಲ್ಲಿ ಹೊಲಿಸಿದೆವು. ಒಂದೇ ಶಟರ್, ಒಳಗೆ ಒಂದು ಪ್ರಿಂಟಿಂಗ್ ಮಷೀನು, ಎರಡು ಹೊಲಿಗೆ ಮಷೀನು, ಅಷ್ಟೇ. ಕೆಲಸ ಮಾತ್ರ ದೊಡ್ಡ ಅಂಗಡಿಗಳನ್ನು ಮೀರಿಸುವಂಥದ್ದು.

ಗೌತಮಪುರ ಗೊತ್ತಿಲ್ಲದವರಿಗೆ ಒಂದು ಮಾತು. ಬೆಂಗಳೂರಿನ ಫುಟ್ಬಾಲ್ ಬೇರು ಇರುವುದು ಅಲ್ಲೇ. ಆ ಗಲ್ಲಿಗಳಿಂದ ದೇಶಕ್ಕೆ ಆಡಿದವರು ಬಂದಿದ್ದಾರೆ, ಅಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅಂಥ ಜಾಗದಲ್ಲಿ ಹೋಗಿ ಬಹಿಯಾ ಜೆರ್ಸಿ ಕೇಳಿದೆವು. ಅಂಗಡಿಯ ಅಣ್ಣ ಫೋನಿನಲ್ಲಿ ಲಾಂಛನ ನೋಡಿ, "ಇದು ಪೆಲೆ ಟೀಮನ್ನ ಸೋಲಿಸಿದ್ದಲ್ವಾ? ನಮ್ಮಪ್ಪ ಹೇಳ್ತಿದ್ರು" ಅಂದರು. ಅಲ್ಲಿಗೆ ನನಗೆ ಧೈರ್ಯ ಬಂತು, ಇವರ ಕೈಯಲ್ಲಿ ಕೊಟ್ಟರೆ ಕೆಲಸ ಕೆಡುವುದಿಲ್ಲ ಅಂತ.

ಅವರು ಹೇಳಿದ್ದು ಸರಿ. 1931ರ ಜನವರಿ 1ರಂದು ಹುಟ್ಟಿದ ಈ ಕ್ಲಬ್, 1959ರಲ್ಲಿ ಬ್ರೆಜಿಲ್ ಮೊದಲ ಸಲ ನಡೆಸಿದ ರಾಷ್ಟ್ರೀಯ ಕಪ್ ಟಾಸಾ ಬ್ರೆಜಿಲ್‌ನಲ್ಲಿ ಫೈನಲ್‌ವರೆಗೂ ಬಂತು. ಎದುರಿಗೆ ಪೆಲೆ ಇದ್ದ ಸ್ಯಾಂಟೋಸ್. ಯಾರಾದರೂ ಬಹಿಯಾ ಗೆಲ್ಲುತ್ತದೆ ಅಂದುಕೊಂಡಿರುತ್ತಾರಾ? ಮೊದಲ ಪಂದ್ಯವನ್ನು ಸ್ಯಾಂಟೋಸ್‌ನ ಸ್ವಂತ ಮೈದಾನದಲ್ಲೇ 3-2ರಿಂದ ಗೆದ್ದರು. ಎರಡನೆಯದನ್ನು ತಮ್ಮೂರಲ್ಲಿ 0-2ರಿಂದ ಸೋತರು. ಮೂರನೆಯದು 1960ರ ಮಾರ್ಚ್‌ನಲ್ಲಿ ರಿಯೋದ ಮರಕಾನಾದಲ್ಲಿ. ಆ ಪಂದ್ಯಕ್ಕೆ ಪೆಲೆ ಇರಲಿಲ್ಲ ನಿಜ, ಆದರೆ ಪೆಲೆ ಆಡಿದ ಮೊದಲ ಪಂದ್ಯವನ್ನೂ ಬಹಿಯಾ ಗೆದ್ದಿತ್ತು ಅನ್ನುವುದನ್ನು ಮರೆಯಬಾರದು. 3-1, ಕಪ್ ಸಾಲ್ವಡೋರ್‌ಗೆ ಹೋಯಿತು. ಅದೇ ವರ್ಷ ಶುರುವಾದ, ದಕ್ಷಿಣ ಅಮೆರಿಕದ ಕ್ಲಬ್ಬುಗಳ ಲಿಬರ್ಟಡೋರೆಸ್ ಟೂರ್ನಿಯಲ್ಲಿ ಬ್ರೆಜಿಲ್ ಪರವಾಗಿ ಮೊದಲು ಆಡಿದ್ದೂ ಬಹಿಯಾನೇ. ಇಷ್ಟಾದರೂ ಆ ಕಪ್ಪನ್ನು ಬ್ರೆಜಿಲ್ ಚಾಂಪಿಯನ್ ಪಟ್ಟ ಅಂತ ಅಲ್ಲಿನ ಫುಟ್ಬಾಲ್ ಒಕ್ಕೂಟ ಒಪ್ಪಿಕೊಂಡಿದ್ದು 2010ರಲ್ಲಿ! ಐವತ್ತು ವರ್ಷ ಕಾಯಿಸಿದರು.

ಲಾಂಛನದ ಮೇಲಿರುವ ಎರಡು ನಕ್ಷತ್ರದಲ್ಲಿ ಒಂದು ಇದರದ್ದು. ಇನ್ನೊಂದು 1988ರ ಚಾಂಪಿಯನ್‌ಶಿಪ್‌ದು. ಅದರ ಫೈನಲ್ ನಡೆದದ್ದು 1989ರ ಫೆಬ್ರವರಿಯಲ್ಲಿ, ಇಂಟರ್‌ನಸಿಯೋನಾಲ್ ವಿರುದ್ಧ. ಎದುರಾಳಿ ಗೋಲ್‌ನಲ್ಲಿ ನಿಂತಿದ್ದವರು ಮುಂದೆ 1994ರ ವರ್ಲ್ಡ್ ಕಪ್ ಗೆದ್ದ ಟಫರೆಲ್. ಬಹಿಯಾದ ಬೊಬೊ ಆ ಟಫರೆಲ್ ವಿರುದ್ಧವೇ ಎರಡು ಗೋಲು ಹೊಡೆದು 2-1 ಮಾಡಿದರು, ಆಮೇಲೆ ಎದುರಾಳಿ ಊರಿನಲ್ಲಿ 0-0 ಹಿಡಿದುಕೊಂಡು ಬಂದರು. ಕೋಚ್ ಎವರಿಸ್ಟೊ ಡಿ ಮಸೆಡೊ, ಬಾರ್ಸಿಲೋನಾ ಮತ್ತು ರಿಯಲ್ ಮ್ಯಾಡ್ರಿಡ್ ಎರಡಕ್ಕೂ ಆಡಿದ್ದವರು. ಹಣ, ಟಿವಿ, ಪತ್ರಿಕೆ ಎಲ್ಲ ರಿಯೋ ಮತ್ತು ಸಾವೊ ಪಾಲೊ ಕಡೆಗೇ ವಾಲಿರುವ ದೇಶದಲ್ಲಿ ಈಶಾನ್ಯದ ಒಂದು ಕ್ಲಬ್ ಇದನ್ನು ಮಾಡಿತು. 1989ರಲ್ಲೇ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕಾಗೆ ಬಹಿಯಾದ ಆಟಗಾರ ಚಾರ್ಲ್ಸ್‌ನನ್ನು ಕೈಬಿಟ್ಟರು ಅಂತ ಸಾಲ್ವಡೋರ್ ಜನ ಬ್ರೆಜಿಲ್ ತಂಡಕ್ಕೇ ಕೂಗಿ ಗೇಲಿ ಮಾಡಿದರು. ನನಗೆ ಈ ಕ್ಲಬ್ ಇಷ್ಟವಾಗಲು ಆ ಒಂದು ಸಿಟ್ಟು ಸಾಕು.

ಈಗ ಜೆರ್ಸಿಗೆ ಬರೋಣ. ಇದಕ್ಕೂ ಮುಂಚೆ ಬೇರೆ ಒಂದು ಕಡೆ ಆರ್ಡರ್ ಕೊಟ್ಟಿದ್ದೆವು. ಅವರು "ಬ್ರೆಜಿಲ್ ಅಂದ್ರೆ ಐದು ಸ್ಟಾರ್ ತಾನೇ" ಅಂತ ಐದು ನಕ್ಷತ್ರ ಹಾಕಿಕೊಟ್ಟರು, ವಾಪಸ್ ಕೇಳಿದರೆ ಜಗಳಕ್ಕೇ ಬಂದರು. ಗೌತಮಪುರದ ಅಣ್ಣ ಹಾಗಲ್ಲ. ವಾಟ್ಸಾಪ್‌ನಲ್ಲಿ ಡಿಸೈನ್ ಕಳಿಸಿ, ನಕ್ಷತ್ರಗಳ ನಡುವೆ ಎಷ್ಟು ಜಾಗ ಬಿಡಬೇಕು ಅಂತ ಕೂಡ ಕೇಳಿದರು. ಲಾಂಛನವನ್ನು ಪ್ರಿಂಟ್ ಮಾಡದೆ ಎಂಬ್ರಾಯ್ಡರಿ ಮಾಡಿಸಿದ್ದಾರೆ. ಅದರಲ್ಲಿರುವ ಬಹಿಯಾ ರಾಜ್ಯದ ಬಾವುಟದ ನೀಲಿ ಚೌಕದೊಳಗೆ ಒಂದು ಬಿಳಿ ತ್ರಿಕೋನ ಇದೆ, ಸಾಮಾನ್ಯವಾಗಿ ಅಷ್ಟು ಚಿಕ್ಕದರಲ್ಲಿ ದಾರ ಗಂಟು ಕಟ್ಟಿ ಅದು ಚುಕ್ಕೆ ಆಗಿಬಿಡುತ್ತದೆ. ಇಲ್ಲಿ ಮೂರು ಮೂಲೆಯೂ ಚೂಪಾಗಿ ಬಂದಿದೆ. ಹಿಂದೆ ತಿರುಗಿಸಿ ನೋಡಿದರೂ ದಾರ ಜೋತಾಡುತ್ತಿಲ್ಲ, ಮೈಗೆ ಚುಚ್ಚದ ಹಾಗೆ ಮೆತ್ತನೆ ಬಟ್ಟೆ ಒಳಗೆ ಕೊಟ್ಟಿದ್ದಾರೆ.

ಇದಕ್ಕಿಂತ ಖುಷಿ ಕೊಟ್ಟಿದ್ದು ನಮ್ಮ ಗೋಲ್‌ಕೀಪರ್ ಜೆರ್ಸಿ. 2019ರಲ್ಲಿ ಈಶಾನ್ಯ ಬ್ರೆಜಿಲ್‌ನ ಕಡಲತೀರಕ್ಕೆಲ್ಲ ಕಚ್ಚಾ ತೈಲ ಬಂದು ಬಡಿಯಿತು. ಆಗ ಬಹಿಯಾ ಆಟಗಾರರು ಬಿಳಿ ಜೆರ್ಸಿ ಮೇಲೆ ಕಪ್ಪು ತೈಲದ ಕಲೆ ಬಳಿದಂತೆ ಮಾಡಿಸಿಕೊಂಡು ಸಿಯಾರಾ ಕ್ಲಬ್ ವಿರುದ್ಧ ಮೈದಾನಕ್ಕೆ ಇಳಿದರು. ಜನಾಂಗ ದ್ವೇಷದ ವಿರುದ್ಧ, ಆದಿವಾಸಿಗಳ ಭೂಮಿ ಪರವಾಗಿ ಬಾಯಿಬಿಟ್ಟು ಮಾತಾಡುವ ಕ್ಲಬ್ ಅದು, ಸುಮ್ನೆ ಪೋಸ್ಟರ್ ಹಾಕಿ ಕೂರುವವರಲ್ಲ. ಆ ಜೆರ್ಸಿಯ ಫೋಟೋ ತೋರಿಸಿದಾಗ ಅಣ್ಣ ಕಲೆಗಳನ್ನು ಒಂದೇ ಕಪ್ಪಿನಲ್ಲಿ ಹಾಕಲಿಲ್ಲ. ಅಂಚಿನಲ್ಲಿ ಕಂದು ಬಣ್ಣ ಬಿಟ್ಟು, ಕೆಳಗೆ ಸೋರಿದ ಹಾಗೆ ಮಾಡಿದ್ದಾರೆ. ದೂರದಿಂದ ನೋಡಿದರೆ ನಿಜವಾಗಿ ಕೊಳೆಯಾಗಿದೆ ಅನ್ನಿಸುತ್ತದೆ. ಆಗಬೇಕಾದದ್ದೂ ಅದೇ.

ಕಾಲರ್ ಒಳಗೆ ಸೈಜ್ ಚೀಟಿಯ ಕೆಳಗೆ ಎರಡು ಇಸವಿ ಹಾಕಿಸಿದ್ದೇವೆ. 1931 ಯಾಕೆ ಅಂತ ಹೇಳಬೇಕಿಲ್ಲ. ಇನ್ನೊಂದು 2007. ಆಗ ಕ್ಲಬ್ ಮೂರನೇ ದರ್ಜೆಗೆ ಬಿದ್ದಿತ್ತು. ನವೆಂಬರ್ 25ರಂದು ಹಳೇ ಫೊಂಟೆ ನೋವಾ ಸ್ಟೇಡಿಯಂ ತುಂಬಿ ತುಳುಕುತ್ತಿತ್ತು, ವಿಲಾ ನೋವಾ ವಿರುದ್ಧ ಡ್ರಾ ಆಗಿ ಮೇಲಿನ ದರ್ಜೆ ಖಾತ್ರಿಯಾಯಿತು. ಆ ಸಂಭ್ರಮದಲ್ಲೇ ಮೇಲಂತಸ್ತಿನ ಒಂದು ಭಾಗ ಕುಸಿದು 7 ಜನ ಸತ್ತರು. ತಮ್ಮ ಟೀಮ್ ಗೆಲ್ಲಲಿ ಅಂತ ಬಂದಿದ್ದವರು. ಆಮೇಲೆ ಅದನ್ನು ಕೆಡವಿ 2013ರಲ್ಲಿ ಹೊಸದು ಕಟ್ಟಿದರು. ಉದ್ಘಾಟನೆ ಪಂದ್ಯದಲ್ಲಿ ಊರಿನ ಎದುರಾಳಿ ವಿಟೋರಿಯಾ ಕೈಯಲ್ಲಿ 1-5 ಸೋಲು! ಅದೇ ವರ್ಷ ಕ್ಲಬ್ಬಿನ ಅಧ್ಯಕ್ಷರನ್ನು ಸದಸ್ಯರೇ ನೇರವಾಗಿ ಮತ ಹಾಕಿ ಆರಿಸುವ ಹಕ್ಕು ಬಂತು. ಕಪ್ಪುಗಳಷ್ಟೇ ದೊಡ್ಡದು ಇದು, ನನ್ನ ಪ್ರಕಾರ.

2023ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮಾಲೀಕರಾದ ಸಿಟಿ ಫುಟ್ಬಾಲ್ ಗ್ರೂಪ್ ಬಹಿಯಾದ 90% ಪಾಲು ಕೊಂಡುಕೊಂಡಿತು. 2019ರಲ್ಲಿ ಮುಂಬೈ ಸಿಟಿ ಕ್ಲಬ್ಬಿನ ಬಹುಪಾಲನ್ನು ಕೊಂಡಿದ್ದೂ ಇವರೇ, ಕಂಠೀರವದಲ್ಲಿ ಕೂತು ಬೆಂಗಳೂರು ಎಫ್‌ಸಿಗೆ ಕೂಗುವ ನಮಗೆ ಅದನ್ನು ನುಂಗುವುದು ಸ್ವಲ್ಪ ಕಷ್ಟ. ಆದರೂ ಬಹಿಯಾ 36 ವರ್ಷದ ಮೇಲೆ 2025ರಲ್ಲಿ ಲಿಬರ್ಟಡೋರೆಸ್‌ಗೆ ವಾಪಸ್ ಹೋಯಿತು, ಅದೇ ವರ್ಷ ಈಶಾನ್ಯ ಕಪ್ಪನ್ನು ಐದನೇ ಸಲ ಗೆದ್ದಿತು.

ಕೊರತೆ ಇಲ್ಲವೇ? ಇದೆ. ಕೆಂಪು ಬಣ್ಣ ಒಂದೆರಡು ಒಗೆತಕ್ಕೆ ಸ್ವಲ್ಪ ಮಂಕಾಗಿದೆ, ನೀಲಿ ಹಾಗೇ ಇದೆ. ಬೆನ್ನಿನ ನಂಬರ್ ಅಂಟಿಸಿದ್ದು, ಅಂಚು ಏಳುತ್ತಿದೆ. ಜಾಸ್ತಿ ದುಡ್ಡು ಕೊಟ್ಟರೂ ಪರವಾಗಿಲ್ಲ, ನಂಬರನ್ನು ಬಟ್ಟೆಯಲ್ಲೇ ಪ್ರಿಂಟ್ ಮಾಡಿಸಿ. ಹೇಳಿದ ದಿನಕ್ಕೆ ಕೊಡಲಿಲ್ಲ, ಫೋನ್ ಮಾಡಿ ಮಾಡಿ ಕೇಳಬೇಕಾಯಿತು. ಸೈಜು ಒಂದು ನಂಬರ್ ಬಿಗಿ, ಹೊಟ್ಟೆ ಇದ್ದವರು ದೊಡ್ಡದೇ ಹೇಳಿ. ಬಟ್ಟೆ ತೆಳು, ಬೆವರು ಬೇಗ ಆರುತ್ತದೆ, ಬೇಸಿಗೆ ಟರ್ಫ್‌ಗೆ ಹೇಳಿ ಮಾಡಿಸಿದಂತಿದೆ.

ಒಂದಕ್ಕೆ 650 ರೂಪಾಯಿ, ಎಂಬ್ರಾಯ್ಡರಿ ಸೇರಿ. ಅರ್ಧ ಅಡ್ವಾನ್ಸ್ ಕೊಡಬೇಕು, ಯುಪಿಐ ನಡೆಯುತ್ತದೆ. ಮಧ್ಯಾಹ್ನ ಊಟದ ಹೊತ್ತು ಶಟರ್ ಎಳೆದಿರುತ್ತಾರೆ, ಸಂಜೆ ಹೋಗಿ. ಲಾಂಛನದ ಸ್ಪಷ್ಟವಾದ ಫೋಟೋ ತೆಗೆದುಕೊಂಡು ಹೋಗಿ, ನಕ್ಷತ್ರ ಎಷ್ಟು ಅಂತ ಬಾಯಲ್ಲೂ ಹೇಳಿ.