ಹಲವು ವರ್ಷ ಒಂದೇ ಜಾಹೀರಾತು ಏಜೆನ್ಸಿ ಜೊತೆ: ಕ್ಲೈಂಟ್ ಕಡೆಯವಳ ವಿಮರ್ಶೆ

ನಮ್ಮ ಕಂಪನಿಯ ಜಾಹೀರಾತು ಕೆಲಸ ಹಲವು ವರ್ಷಗಳಿಂದ ಒಂದೇ ಏಜೆನ್ಸಿ ಕೈಯಲ್ಲಿದೆ. ನಮ್ಮ ಕಡೆಯಿಂದ ಅವರ ಜೊತೆ ವ್ಯವಹರಿಸುವವಳು ನಾನೇ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಅವರಲ್ಲಿ ನನಗೆ ತುಂಬಾ ಹಿಡಿಸಿದ್ದು ಬ್ರೀಫ್, ಅಂದರೆ ಜಾಹೀರಾತು ಏನು ಹೇಳಬೇಕು ಅಂತ ಮೊದಲೇ ಬರೆದುಕೊಳ್ಳುವ ಟಿಪ್ಪಣಿಯ ವಿಷಯದಲ್ಲಿ ಅವರಿಗಿರುವ ಹಟ. ಬ್ರೀಫ್ ಒಂದು ಪುಟ ಮೀರುವ ಹಾಗಿಲ್ಲ. ಯಾರಿಗೆ ಹೇಳಬೇಕು, ಹೇಳುವ ಒಂದೇ ಮಾತು ಯಾವುದು, ಜನ ಅದನ್ನು ಯಾಕೆ ನಂಬಬೇಕು, ಇಷ್ಟು ಅದರಲ್ಲಿರಬೇಕು. ನಮ್ಮಲ್ಲಿ ಕೊನೆಯ ತೀರ್ಮಾನ ಯಾರದೋ ಅವರು ಸಹಿ ಹಾಕುವ ತನಕ ಕಾಪಿರೈಟರ್ (ಜಾಹೀರಾತಿನ ಮಾತು ಬರೆಯುವವರು) ಕೆಲಸ ಶುರು ಮಾಡುವುದಿಲ್ಲ. ಮೊದಮೊದಲು ಇದು ನಿಧಾನ ಅನ್ನಿಸುತ್ತದೆ. ಲೇಔಟ್, ಅಂದರೆ ಜಾಹೀರಾತಿನ ವಿನ್ಯಾಸ ಬಂದಾಗ ಅದರ ಬೆಲೆ ಗೊತ್ತಾಗುತ್ತದೆ. ‘ನನಗೆ ಈ ನೀಲಿ ಇಷ್ಟ ಇಲ್ಲ’ ಅಂತ ಯಾರಾದರೂ ಅಂದರೆ ನಮ್ಮ ಕೆಲಸ ನೋಡಿಕೊಳ್ಳುವ ಏಜೆನ್ಸಿಯ ಅಕೌಂಟ್ ಮ್ಯಾನೇಜರ್ ಬ್ರೀಫ್ ತೆಗೆದು ಮೇಜಿನ ಮೇಲಿಡುತ್ತಾರೆ. ಅಲ್ಲಿ ಬರೆದದ್ದು ಈ ಜಾಹೀರಾತಿನಲ್ಲಿ ಇದೆಯಾ ಇಲ್ವಾ? ಚರ್ಚೆ ಅದರ ಮೇಲೆ ನಡೆಯುತ್ತದೆ.

ಇದಕ್ಕೂ ಮುಂಚೆ ನಮಗಿದ್ದ ಏಜೆನ್ಸಿ ಪ್ರತಿ ಸಲ ಮೂರು ಐಡಿಯಾ ತರುತ್ತಿತ್ತು. ಒಂದು ದಿಟ್ಟದ್ದು, ಒಂದು ಪರವಾಗಿಲ್ಲ ಅನ್ನುವಂಥದ್ದು, ಒಂದು ಸಪ್ಪೆ. ಮಾರಾಟ ವಿಭಾಗಕ್ಕೆ ಒಂದರ ತಲೆಬರಹ ಬೇಕು, ಮೇಲಿನವರಿಗೆ ಇನ್ನೊಂದರ ಚಿತ್ರ ಬೇಕು. ಎಲ್ಲ ಸೇರಿಸಿ, ಲೋಗೋ ದೊಡ್ಡದು ಮಾಡಿದ ಮೇಲೆ ಉಳಿದದ್ದು ಯಾರಿಗೂ ಬೇಡವಾಗಿರುತ್ತಿತ್ತು. ಈಗಿನವರು ಒಂದೇ ಐಡಿಯಾ ತಂದು, ಅದೇ ಯಾಕೆ ಅಂತ ಬಿಡಿಸಿ ಹೇಳುತ್ತಾರೆ. ಬೇಡ ಅಂದರೆ ಹೊಸದು ಮಾಡುತ್ತಾರೆ. ಹಳೆಯದಕ್ಕೆ ತೇಪೆ ಹಾಕುವುದಿಲ್ಲ.

ಇದೇನು ಹೊಸ ದಾರಿಯಲ್ಲ. 1962ರಲ್ಲಿ ಅಮೆರಿಕದ ಬಾಡಿಗೆ ಕಾರು ಕಂಪನಿ ಏವಿಸ್‌ನ ಮುಖ್ಯಸ್ಥರಾದ ರಾಬರ್ಟ್ ಟೌನ್‌ಸೆಂಡ್, ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿಗೆ ಇಂಥದ್ದೇ ಮಾತು ಕೊಟ್ಟಿದ್ದರು. ಜಾಹೀರಾತನ್ನು ಒಪ್ಪುತ್ತೇವೆ, ಇಲ್ಲವೇ ಬೇಡ ಅನ್ನುತ್ತೇವೆ, ತಿದ್ದಲು ಮಾತ್ರ ಹೋಗುವುದಿಲ್ಲ ಅಂತ. ನಾವು ಎರಡನೇ ಸ್ಥಾನದಲ್ಲಿದ್ದೇವೆ, ಅದಕ್ಕೇ ಜಾಸ್ತಿ ಕಷ್ಟಪಡುತ್ತೇವೆ ಅಂತ ಕಂಪನಿಯೇ ಹೇಳಿಕೊಂಡ ಆ ಹೆಸರಾಂತ ಜಾಹೀರಾತು ಬಂದದ್ದು ಹಾಗೆ. ಹತ್ತು ಜನ ಕೈ ಹಾಕಿದ್ದರೆ ‘ಎರಡನೇ ಸ್ಥಾನ’ ಅನ್ನುವ ಮಾತು ಉಳಿಯುತ್ತಿತ್ತಾ?

ಹಣದ ವಿಷಯ: ತಿಂಗಳಿಗೆ ಇಷ್ಟು ಅಂತ ರಿಟೇನರ್ (ನಿಗದಿತ ಶುಲ್ಕ). ಟಿವಿ, ಪತ್ರಿಕೆಯಂಥ ಮಾಧ್ಯಮಕ್ಕೆ ನಾವು ಮಾಡುವ ಖರ್ಚಿನ ಮೇಲೆ ಏಜೆನ್ಸಿಗೆ 15% ಕಮಿಷನ್ ಅನ್ನುವ ಹಳೆಯ ಪದ್ಧತಿ ಇಲ್ಲ. ಹಾಗಾಗಿ ‘ಈ ಸಲ ಟಿವಿ ಬೇಡ’ ಅಂತ ಅವರು ಹೇಳಿದರೆ ನಂಬಬಹುದು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಎರಡು ಕಾರಣಕ್ಕೆ. ಸ್ಟೋರಿಬೋರ್ಡನ್ನು (ಚಿತ್ರೀಕರಣಕ್ಕೆ ಮುಂಚೆ ದೃಶ್ಯಗಳನ್ನು ಬಿಡಿಸಿದ ಚಿತ್ರಗಳು) ಏಳೆಂಟು ಜನರ ಗುಂಪಿಗೆ ತೋರಿಸಿ ‘ಇಷ್ಟ ಆಯ್ತಾ’ ಅಂತ ಕೇಳುತ್ತಾರೆ. ಹೊಸ ಬಗೆಯದು ಅಲ್ಲೇ ಸೋತುಬಿಡುತ್ತದೆ. ‘ಏನು ಅರ್ಥ ಆಯ್ತು’ ಅಂತ ಕೇಳಿದರೆ ಉಪಯೋಗ ಜಾಸ್ತಿ, ಅಲ್ವಾ? ಇದನ್ನು ಹೇಳುತ್ತಲೇ ಇದ್ದೇನೆ. ಇನ್ನೊಂದು, ಪಿಚ್‌ಗೆ, ಅಂದರೆ ನಮ್ಮ ಕೆಲಸ ಗಿಟ್ಟಿಸಿಕೊಳ್ಳಲು ಐಡಿಯಾ ಮಂಡಿಸುವುದಕ್ಕೆ ಬಂದ ಕಾಪಿರೈಟರ್ ಮತ್ತು ಆರ್ಟ್ ಡೈರೆಕ್ಟರ್ (ಚಿತ್ರ, ವಿನ್ಯಾಸ ನೋಡಿಕೊಳ್ಳುವವರು) ಆಮೇಲೆ ಬೇರೆ ಕ್ಲೈಂಟ್ ಕಡೆ ಹೋಗಿ, ನಮ್ಮ ಕೆಲಸ ಹೊಸಬರ ಪಾಲಾಗಿತ್ತು. ಈ ಸಲ ಒಪ್ಪಂದ ನವೀಕರಿಸುವಾಗ ಅವರಿಬ್ಬರ ಹೆಸರನ್ನೂ ಅದರಲ್ಲಿ ಬರೆಸಿದ್ದೇನೆ.